ಮೆರ್ಲನ ಅಂಗಳದ ಕಬೂಸ್

ಗೂಡ್ಸ್ ರೈಲಿನ ಬಾಲಕ್ಕೆ ಕಟ್ಟುತ್ತಿದ್ದ ಗಾರ್ಡಿನ ಡಬ್ಬಿಗೆ ನಮ್ಮ ಪೆನ್ಸಿಲ್ವೇನಿಯಾದಲ್ಲಿ ಕಬೂಸ್ ಎನ್ನುತ್ತಾರೆ. ರೈಲು ಕಂಪನಿಗಳು ಅವನ್ನು ಗುಜರಿಗೆ ಹಾಕತೊಡಗಿದಾಗ, ತಾನೊಂದು ಕೊಳ್ಳುತ್ತೇನೆಂದು ಎಲ್ವುಡ್ ಶಾಂಕ್ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ. ಕೊಂಡವನು ಮಾತ್ರ ಅವನ ಗೆಳೆಯ ಮೆರ್ಲ್ ಕೊವಾಚ್.

ಇಬ್ಬರ ಅಪ್ಪಂದಿರೂ ಲಾರೆಲ್ ಕಣಿವೆಯ ಕಲ್ಲಿದ್ದಲು ರೈಲಿನಲ್ಲಿ ದುಡಿದವರು. ಎಲ್ವುಡ್‌ನ ಅಪ್ಪ ಗಾರ್ಡು. ಮೆರ್ಲನ ಅಪ್ಪ ಹಳಿ ರಿಪೇರಿಯ ಗ್ಯಾಂಗಿನವನು. ಹಾಗಿದ್ದೂ ಕಬೂಸ್ ಬಂದು ನಿಂತದ್ದು ಮೆರ್ಲನ ಅಂಗಳದಲ್ಲಿ. ಅವನು ಅದಕ್ಕೆ ಕೆಂಪು ಬಣ್ಣ ಬಳಿಸಿ, ಪಕ್ಕದಲ್ಲಿ 'ಲಾರೆಲ್ ಕಣಿವೆ' ಎಂದು ದೊಡ್ಡದಾಗಿ ಬರೆಸಿದ. ಭಾನುವಾರ ಚರ್ಚು ಮುಗಿಸಿದವರೆಲ್ಲ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ಕಂಡರೆ ಎಲ್ವುಡ್‌ಗೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

"ನಮ್ಮ ಲೈನಿನ ಕಬೂಸು ಯಾವತ್ತು ಕೆಂಪಗಿತ್ತು? ಕಡು ಹಸಿರು ಅದು," ಎಂದು ಹೆಂಡತಿ ಆರ್ಡಿತ್ ಮುಂದೆ ಗೊಣಗಿದ. "ಎಲ್ಲಿಂದಲೋ ಡಬ್ಬಿ ತಂದು ನಮ್ಮ ಹೆಸರು ಅಂಟಿಸಿದಾನೆ."

"ಕೆಂಪಗಿರೋದು ಕಬೂಸಲ್ಲ, ನಿನ್ನ ಕಣ್ಣು," ಎಂದಳು ಆರ್ಡಿತ್. "ಪಿರೋಗಿ ಕಡುಬು ಆರಿಹೋಗ್ತಿದೆ, ತಿನ್ನು."

ಎಲ್ವುಡ್ ನೇರವಾಗಿ ಮೆರ್ಲನನ್ನೇ ಕೇಳಿದ. ಮೆರ್ಲ್ ನಕ್ಕ. "ಇದರ ಹುಟ್ಟು ಗುಜರಿಯವನಿಗೂ ಗೊತ್ತಿಲ್ಲ ಕಣೋ. ಆಸೆಗೆ ಬರೆಸ್ದೆ. ನಿನಗಿಂತ ತಿಳಿದೋರು ಯಾರಿದಾರೆ? ಕೆರೆದು ನೋಡಿ ಹೇಳು."

ಆ ಧಾರಾಳವನ್ನೂ ಎಲ್ವುಡ್‌ಗೆ ಸಹಿಸಲಾಗಲಿಲ್ಲ. ಮೆರ್ಲ್ ಪೇಟೆಗೆ ಹೋದ ಹೊತ್ತಿನಲ್ಲಿ ಬಂದು ಕೆರೆಯತೊಡಗಿದ. ಕೆಂಪಿನ ಕೆಳಗೆ ಹಳದಿ ಕಂಡಿತು. ಪಕ್ಕದ ಓಹಿಯೋ ರಾಜ್ಯದ ರೈಲುಗಳ ಬಣ್ಣ. ಮೆರ್ಲ್ ಸಿಕ್ಕಿಬಿದ್ದ ಎಂದು ಖುಷಿಯಿಂದ ಇನ್ನಷ್ಟು ಕೆರೆದ. ಹಳದಿಯ ಕೆಳಗೆ ಕಡು ಹಸಿರು ಬಂತು, ಓಹಿಯೋದವರಿಗೆ ಮಾರುವ ಮೊದಲಿನ ಬಣ್ಣ.

ಅವನು ಒಳಗೆ ಹತ್ತಿದ. ಕಿಟಕಿ ಪಕ್ಕದ ಸೀಟಿನ ಮೇಲ್ಗಡೆ, ದಪ್ಪ ಬಣ್ಣದಡಿ, ಗೋಡೆಗೆ ಬೆಸೆದ ಒಂದು ಕೊಕ್ಕೆಯಿತ್ತು. ಕುದುರೆ ಲಾಳವನ್ನು ಬಗ್ಗಿಸಿ ಮಾಡಿದ್ದು. ಬುತ್ತಿ ಡಬ್ಬಿ ನೇತುಹಾಕಲು ಅಪ್ಪನೇ ಮಾಡಿಕೊಂಡಿದ್ದ ಕೊಕ್ಕೆ ಅದು. ಚಿಕ್ಕವನಿದ್ದಾಗ ಎಲ್ವುಡ್ ಅದಕ್ಕೆ ತನ್ನ ಟೋಪಿ ಸಿಕ್ಕಿಸಿದ್ದುಂಟು. ಅಪ್ಪನ ಕಬೂಸ್ ಸಿಕ್ಕಿತ್ತು, ಆದರೆ ಅದು ಮೆರ್ಲನದಾಗಿತ್ತು. ಕೆಳಗಿಳಿದು ಗಾಲಿಯ ಗ್ರೀಸನ್ನು ಹಸಿರಿನ ಮೇಲೆ ಬಳಿದ.

"ಏನಯ್ಯಾ, ಪತ್ತೆ ಆಯ್ತಾ?" ಎಂದು ಮೆರ್ಲ್ ಬಂದು ಕೇಳಿದ.

"ಓಹಿಯೋದ್ದು. ಹಳದಿ ನೋಡು. ನಮ್ಮದಲ್ಲ."

ಮೆರ್ಲನ ಮುಖ ಬಾಡಿತು. ಮರುದಿನವೇ ಹೆಸರನ್ನು ಅಳಿಸಿದ. ಫೋಟೋದವರೂ ಕಡಿಮೆಯಾದರು. ಎಲ್ವುಡ್ ಬಯಸಿದ್ದು ಅದನ್ನೇ. ಆದರೂ ಆ ರಸ್ತೆಯಲ್ಲಿ ಹೋಗುವುದನ್ನು ಬಿಟ್ಟ.

ಆಮೇಲೊಂದು ದಿನ ಕಾಫಿ ಅಂಗಡಿಯಲ್ಲಿ ಮೆರ್ಲ್ ಹೇಳಿದ: "ನಮ್ಮದಲ್ಲ ಅಂದ್ಮೇಲೆ ಯಾಕೆ ಜೋಪಾನ? ಐಸ್‌ಕ್ರೀಮ್ ಅಂಗಡಿ ಮಾಡ್ತೀನಿ. ನಾಳೆ ವೆಲ್ಡರ್ ಬಂದು ಪಕ್ಕ ಕತ್ತರಿಸಿ, ಒಳಗಿರೋದೆಲ್ಲ ಕಿತ್ತುಹಾಕ್ತಾನೆ."

ಮಾರನೆಯ ಬೆಳಿಗ್ಗೆ ಎಲ್ವುಡ್ ಹೋದಾಗ ವೆಲ್ಡರ್ ಆಗಲೇ ಕನ್ನಡಕ ಏರಿಸಿ ನಿಂತಿದ್ದ. "ಬೇಡಪ್ಪ, ನಿಲ್ಲಿಸು. ಅದು ನಮ್ಮಪ್ಪಂದು," ಎಂದ ಎಲ್ವುಡ್. ಮೆರ್ಲನನ್ನು ಕರೆದುಕೊಂಡು ಹೋಗಿ, ಗ್ರೀಸ್ ಒರೆಸಿ ಹಸಿರು ತೋರಿಸಿದ, ಕೊಕ್ಕೆ ತೋರಿಸಿದ.

ಮೆರ್ಲ್ ಹಸಿರಿನ ಮೇಲೆ ಹೆಬ್ಬೆರಳಾಡಿಸಿದ. "ಹಳದಿ ಸಿಕ್ಕಿದ ದಿನವೇ ಇದೂ ಸಿಕ್ಕಿತ್ತಾ?"

"ಸಿಕ್ಕಿತ್ತು."

"ಮತ್ತೆ ಯಾಕೋ ಹೇಳ್ಲಿಲ್ಲ?"

"ನಿನ್ನ ಅಂಗಳದಲ್ಲಿತ್ತಲ್ಲ, ಅದಕ್ಕೆ."

ಮೆರ್ಲ್ ವೆಲ್ಡರನ್ನು ವಾಪಸು ಕಳಿಸಿದ. ಎಲ್ವುಡ್ ಜೊತೆ ಆ ಬೇಸಿಗೆಯೆಲ್ಲ ಮಾತಾಡಲಿಲ್ಲ. ಎಲೆ ಉದುರುವ ಕಾಲಕ್ಕೆ ಆರ್ಡಿತ್‌ಳ ಕೈಲಿ ಹೇಳಿಕಳಿಸಿದ: "ಇಷ್ಟು ಬಣ್ಣ ಕೆರೆಯೋದು ಒಬ್ಬನ ಕೈಲಾಗಲ್ಲ. ಆ ಹೊಟ್ಟೆಕಿಚ್ಚಿನವನಿಗೆ ಬರೋಕೆ ಹೇಳು."

ಎಲ್ವುಡ್ ಹೋದ. ಈಗಲೂ ಹೋಗುತ್ತಾನೆ. ಕಬೂಸ್ ಮತ್ತೆ ಹಸಿರಾಗಿದೆ, ಜನ ಮತ್ತೆ ಬರುತ್ತಾರೆ. ಕೊಕ್ಕೆಯ ಕತೆಯನ್ನು ಅವರಿಗೆ ಹೇಳುವವನು ಮೆರ್ಲ್, ಅದೂ ಚೆನ್ನಾಗಿಯೇ, ಗಾರ್ಡನ್ನು ಆರಡಿ ಆಳು ಮಾಡಿ ಹೇಳುತ್ತಾನೆ. ಹೊರಗೆ ಮೆಟ್ಟಿಲಿನ ತುಕ್ಕು ಉಜ್ಜುತ್ತಿರುವ ಎಲ್ವುಡ್‌ಗೆ ಅದನ್ನು ಕೇಳಿಸಿಕೊಂಡು ಸುಮ್ಮನಿರಲು ಇವತ್ತಿಗೂ ಆಗುವುದಿಲ್ಲ.

"ನಮ್ಮಪ್ಪ ಅಷ್ಟು ಎತ್ತರ ಇರಲಿಲ್ಲ," ಎಂದು ಕೆಳಗಿನಿಂದಲೇ ತಿದ್ದುತ್ತಾನೆ.