ಗೆಳತಿಯ ಹೆಸರಿನಲ್ಲಿ ಬಂದ ಸಂದೇಶ

ಈಗ ಮೊಬೈಲಿನಲ್ಲಿ ಏನು ತೆರೆದರೂ ಪಾಸ್‌ವರ್ಡ್ ಕೇಳುತ್ತದೆ. ಅಷ್ಟೊಂದು ನೆನಪಿಡುವುದು ಯಾರಿಂದ ಆದೀತು? ಅದಕ್ಕೇ ನಮ್ಮಲ್ಲಿ ಬಹಳ ಮಂದಿ ಮಕ್ಕಳ ಹೆಸರನ್ನೋ ಮನೆದೇವರ ಹೆಸರನ್ನೋ ಒಮ್ಮೆ ಹಾಕಿ ಮರೆತುಬಿಡುತ್ತಾರೆ. ತಿಕೋಟಾದ ಚಂದ್ರಾಬಾಯಿಯೂ ಹಾಗೇ ಮಾಡಿದ್ದಳು.

ಚಂದ್ರಾಬಾಯಿ ಮತ್ತು ಅವಳ ಗಂಡ ಕರೆಪ್ಪ ತಿಕೋಟಾದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅದಕ್ಕೂ ಮೊದಲು ಅವರು ವಿಜಯಪುರದ ಜೋರಾಪುರ ಪೇಟೆಯಲ್ಲಿ ಬಾಡಿಗೆಗೆ ಇದ್ದರು. ಪಕ್ಕದ ಮನೆಯವಳು ಗುಲಶನ. ನಡುವೆ ಒಂದೇ ಗೋಡೆ. ಈ ಮನೆಯಲ್ಲಿ ಒಗ್ಗರಣೆ ಸಿಡಿದರೆ ಆ ಮನೆಯಲ್ಲಿ ಸೀನು ಬರುತ್ತಿತ್ತು. ಗುಲಶನಳ ಗಂಡ ಚಮನಸಾಬ ಸಂತೆಯಿಂದ ಸಂತೆಗೆ ಹೋಗಿ ಚಾದರ ಮಾರುತ್ತಿದ್ದ. ಎರಡು ವರ್ಷದ ಹಿಂದೆ ಅವನು ಎದೆನೋವಿನಿಂದ ತೀರಿಕೊಂಡ. ಆಮೇಲೆ ಗುಲಶನ ಮಾತೇ ಬಿಟ್ಟಳು. ಮಗಳು ಇರ್ಫಾನಾ ಏನು ಕೇಳಿದರೂ ಹೂಂ, ಇಲ್ಲವೇ ಉಹೂಂ.

ಇರ್ಫಾನಾ ಒಂದು ಉಪಾಯ ಮಾಡಿದಳು. ತಾಯಿಯ ಫೋನಿಗೂ ಚಂದ್ರಾಬಾಯಿಯ ಫೋನಿಗೂ ‘ಕಟ್ಟೆಯಾಟ’ ಎಂಬ ಆಟ ಹಾಕಿಕೊಟ್ಟಳು. ಮೊಬೈಲಿನಲ್ಲೇ ಚೌಕಾಬಾರ. ಆಡುತ್ತ ಆಡುತ್ತ ಒಬ್ಬರಿಗೊಬ್ಬರು ಬರೆದು ಮಾತಾಡಲೂಬಹುದು. ಮಧ್ಯಾಹ್ನ ಗಿರಣಿ ಬಂದ್ ಮಾಡಿ ಉಂಡ ಮೇಲೆ ಚಂದ್ರಾಬಾಯಿ ಇಲ್ಲಿ, ಗುಲಶನ ಅಲ್ಲಿ.

“ಉಂಡ್ಯೇನ ಬೇ?”

“ಉಂಡೆ. ನೀ ಕಾಯಿ ನಡಸು, ಸುಳ್ಳ ಹೊತ್ತು ಕಳೀಬ್ಯಾಡ.”

ಹೀಗೆ ಶುರುವಾಗಿ, ಗುಲಶನ ಮೆಲ್ಲಗೆ ಚೇಷ್ಟೆ ಮಾಡತೊಡಗಿದಳು. ಆ ಆಟ ಅವಳಿಗೆ ಒಳ್ಳೆಯದನ್ನೇ ಮಾಡಿತ್ತು, ಅದನ್ನು ಇಲ್ಲ ಎನ್ನಲಾಗದು.

ಅಷ್ಟರಲ್ಲಿ ಒಂದು ಸುದ್ದಿ ಹಬ್ಬಿತು. ಕಟ್ಟೆಯಾಟದ ಜಾಲದೊಳಗೆ ಕಳ್ಳರು ನುಗ್ಗಿದ್ದಾರೆ. ಆಡುವವರ ಹೆಸರು, ಫೋನ್ ನಂಬರು, ಇಮೇಲ್, ಪಾಸ್‌ವರ್ಡ್ ಎಲ್ಲ ಹೊತ್ತುಕೊಂಡು ಹೋಗಿದ್ದಾರೆ ಎಂದು. ಕಂಪನಿಯಿಂದ ಎಲ್ಲರಿಗೂ ಒಂದು ಸಂದೇಶ ಬಂತು: ‘ಸಣ್ಣ ತಾಂತ್ರಿಕ ತೊಂದರೆಯಾಗಿತ್ತು. ನಿಮ್ಮ ಮಾಹಿತಿ ಸುರಕ್ಷಿತವಾಗಿದೆ. ಆಟ ಮುಂದುವರಿಸಿ.’

ಚಂದ್ರಾಬಾಯಿಯ ಅಕ್ಕನ ಮಗಳು ವಿಶಾಖಾ ಬಬಲೇಶ್ವರದವಳು, ವಿಜಯಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಆ ಭಾನುವಾರ ಅವಳು ತಿಕೋಟಾಕ್ಕೆ ಬಂದಿದ್ದಳು.

“ಚಿಗವ್ವ, ನೀ ಆಡೋ ಆಟದ ಕಂಪನ್ಯಾಗ ಕಳವಾಗೇತಿ. ಪಾಸ್‌ವರ್ಡ್ ಬದಲ ಮಾಡೀಯೇನು?”

“ಏನೂ ಆಗಿಲ್ಲಂತ ಅವರಽ ಬರದಾರ ನೋಡವಾ. ಅಷ್ಟು ದೊಡ್ಡ ಕಂಪನಿ, ಸುಳ್ಳ ಹೇಳ್ತಾರೇನು?”

“ಹೇಳ್ತಾರೋ ಬಿಡ್ತಾರೋ, ಖರೇ ಗೊತ್ತಾಗೂತನಕ ನಮ್ಮ ಬಾಗಿಲಾ ನಾವು ಹಾಕ್ಕೊಬೇಕಲ್ಲ?”

ಕರೆಪ್ಪ ಗಿರಣಿಯ ಬೆಲ್ಟು ಸರಿಮಾಡುತ್ತ ನಕ್ಕ. “ನಮ್ಮ ಹಂತ್ಯಾಕ ಏನೈತಿ ಕದಿಯಾಕ? ಚೌಕಾಬಾರದ ಕಾಯಿ ಒಯ್ತಾರೇನು? ಒಯ್ಲಿ ಬಿಡು.”

“ಕಾಕಾ, ಅವರು ಕಾಯಿ ಒಯ್ಯಂಗಿಲ್ಲ, ಹೆಸರು ಒಯ್ತಾರ. ಚಿಗವ್ವನ ಹೆಸರ್ಲೆ ಆಕಿ ಗುರ್ತಿನ ಮಂದೀನ ಮಾತಾಡಸ್ತಾರ. ಆ ಮಂದಿ ಆಕೀನಽ ಅನ್ಕೊಂಡು ಕೇಳಿದ್ದೆಲ್ಲಾ ಕೊಡ್ತಾರ.”

ಚಂದ್ರಾಬಾಯಿಗೆ ಒಳಗೊಳಗೆ ಬೇರೆಯೇ ಚಿಂತೆ. ಅವಳು ಸಾಲಾಗಿ ಗೆಲ್ಲುತ್ತ ಬಂದಿದ್ದಳು, ಆಟದಲ್ಲಿ ಅವಳ ಹೆಸರಿನ ಮುಂದೆ ಸಣ್ಣ ಕಿರೀಟ ಬಂದಿತ್ತು. ಪಾಸ್‌ವರ್ಡ್ ಮುಟ್ಟಿದರೆ ಅದು ಹೋದೀತು ಎಂದು ಅವಳಿಗೆ ಅಂಜಿಕೆ. ಹೋಗುವುದಿಲ್ಲ ಎಂದು ವಿಶಾಖಾ ಹೇಳಿದರೂ ಮನಸ್ಸು ಒಪ್ಪಲಿಲ್ಲ. “ನಾಳೆ ಮಾಡ್ತೀನಿ ತಗೋ” ಎಂದಳು. ಅಷ್ಟರಲ್ಲಿ ಜೋಳದ ಚೀಲ ಹೊತ್ತು ಗಿರಾಕಿಗಳು ಬಂದರು. ಆ ನಾಳೆ ಬರಲೇ ಇಲ್ಲ.

ಹಬ್ಬದ ಮುಂದೆ ಗಿರಣಿಗೆ ಬಿಡುವಿರಲಿಲ್ಲ. ಚಂದ್ರಾಬಾಯಿ ಆಟ ತೆರೆಯದ ಅಂಥ ಒಂದು ಮಧ್ಯಾಹ್ನ, ಬೇರೆ ಯಾರೋ ಅವಳ ಹೆಸರಿನಲ್ಲಿ ಆಟದೊಳಗೆ ಹೊಕ್ಕರು. ಗುಲಶನಳಿಗೆ ಒಂದು ಸಂದೇಶ ಬಂತು: ‘ಗೆಳತಿ, ನನ್ನ ಖಾತೆ ಮುಚ್ಚಿಹೋಗಿದೆ. ನಿನ್ನ ಫೋನಿಗೆ ಆರು ಅಂಕಿ ಬರುತ್ತವೆ. ದಯವಿಟ್ಟು ಕಳಿಸು.’

ಗುಲಶನಳಿಗೆ ಒಂದು ಕ್ಷಣ ವಿಚಿತ್ರವೆನಿಸಿತು. ಚಂದ್ರಿ ಯಾವತ್ತೂ ‘ದಯವಿಟ್ಟು’ ಅಂದವಳಲ್ಲ. ಆದರೆ ಫೋಟೋ ಅವಳದ್ದೇ, ಕಿರೀಟವೂ ಅವಳದ್ದೇ. ಅವಸರದಲ್ಲಿ ಯಾರ ಕೈಯಿಂದಲೋ ಬರೆಸಿರಬೇಕು ಎಂದುಕೊಂಡಳು. ಅಂಕಿ ಬಂದವು, ಕಳಿಸಿದಳು.

ಅವು ಗುಲಶನಳ ಇಮೇಲಿನ ಬೀಗ ತೆರೆಯುವ ಅಂಕಿಗಳಾಗಿದ್ದವು.

ಸಂಜೆ ಇರ್ಫಾನಾ ಕೆಲಸದಿಂದ ಬಂದು ನೋಡುವಷ್ಟರಲ್ಲಿ ಆ ಇಮೇಲ್ ಅವರ ಕೈ ತಪ್ಪಿತ್ತು. ಗುಲಶನ ಚಂದ್ರಾಬಾಯಿಗೆ ಫೋನ್ ಹಚ್ಚಿದಳು.

“ಚಂದ್ರಿ, ಆ ನಂಬರು ತಗೊಂಡು ಏನ್ ಮಾಡಿದಿ?”

“ಯಾವ ನಂಬರು?”

ಗುಲಶನ ಮಧ್ಯಾಹ್ನ ಬಂದ ಸಂದೇಶವನ್ನು ಓದಿ ಹೇಳಿದಳು. ವಿಶಾಖಾ ಅಂದಿದ್ದೆಲ್ಲ ಚಂದ್ರಾಬಾಯಿಗೆ ಒಮ್ಮೆಲೇ ನೆನಪಾಯಿತು.

ಇರ್ಫಾನಾ ಪೊಲೀಸರಿಗೆ ದೂರು ಕೊಟ್ಟಳು. ವಿಶಾಖಾ ಅವಳ ಜೊತೆ ಕೂತು ಇಮೇಲ್ ಕಂಪನಿಗೆ ಬರೆದಳು. ಕೊನೆಗೆ ಇಮೇಲ್ ತಿರುಗಿ ಸಿಕ್ಕಿತು. ಆದರೆ ಅದರೊಳಗೆ ಕೂಡಿಟ್ಟಿದ್ದನ್ನೆಲ್ಲ ಕಳ್ಳರು ಅಳಿಸಿಹಾಕಿದ್ದರು.

ಚಂದ್ರಾಬಾಯಿ ಬಸ್ಸು ಹತ್ತಿ ವಿಜಯಪುರಕ್ಕೆ ಹೋದಳು. ಸಿದ್ಧೇಶ್ವರ ಗುಡಿಯ ಬಜಾರದ ಗದ್ದಲ ದಾಟಿ ಜೋರಾಪುರ ಪೇಟೆಗೆ ನಡೆಯುವಾಗ, ಏನು ಹೇಳಬೇಕೆಂದು ಎಷ್ಟು ಸಲ ಜೋಡಿಸಿಕೊಂಡರೂ ಮಾತು ಕೂಡಲಿಲ್ಲ.

ಗುಲಶನ ಬೈಯಲಿಲ್ಲ. ಚಹಾ ಕೊಟ್ಟಳು. ಏನು ಹೋಯಿತೆಂದು ಹೇಳಿದವಳು ಇರ್ಫಾನಾ.

“ಅಬ್ಬಾನ ದನಿ ಇತ್ತು ಮೌಶಿ. ಸಂತಿಯಿಂದ ಫೋನಿನ್ಯಾಗ ಮಾತಾಡಿ ಅಮ್ಮಿಗೆ ಕಳಸತಿದ್ದನಲ್ಲ, ಅವು. ಫೋನ್ ಕೆಟ್ರೂ ಉಳೀಲಿ ಅಂತ ನಾನಽ ಎಲ್ಲಾ ತಗದು ಇಮೇಲಿನ್ಯಾಗ ಇಟ್ಟಿದ್ದೆ. ಹಳೇ ಫೋನು ಸುಟ್ಟು ಹೋತು. ಮತ್ತೆಲ್ಲೂ ಇಲ್ಲ.”

“ದೊಡ್ಡ ಮಾತೇನಿದ್ದಿಲ್ಲ” ಎಂದಳು ಗುಲಶನ, ಚಹಾದ ಕಪ್ಪು ನೋಡುತ್ತ. “ಕೊತ್ತಂಬರಿ ಸಸ್ತಾ ಐತಿ ತರಲೇನು ಅಂತ ಒಂದು. ಬಸ್ ತಪ್ಪೇತಿ, ಉಂಡು ಮಲಕೋ ಅಂತ ಒಂದು. ದಿನಾ ಕೇಳ್ತಿದ್ದಿಲ್ಲ. ಬೇಕಾದಾಗ ಐತಿ ಅಂತ ಒಂದು ಧೈರ್ಯ ಇತ್ತು.”

ಚಂದ್ರಾಬಾಯಿ ತಡೆಯಲಾರದೆ ಹೇಳಿಬಿಟ್ಟಳು. “ವಿಶಾಖಾ ಮದ್ಲಽ ಹೇಳಿದ್ಲು ಗುಲಶನ. ಪಾಸ್‌ವರ್ಡ್ ಬದಲ ಮಾಡು ಅಂದ್ಲು. ನಾ ನಾಳೆ ಅಂದೆ.”

ಗುಲಶನ ತಲೆ ಎತ್ತಿದಳು. “ಮಾಡದಿದ್ರ ಬಿಡು. ಕಳವಾಗೇತಿ ಅಂತ ಒಂದು ಮಾತು ನನಗ ಯಾಕ ಹೇಳಲಿಲ್ಲ? ದಿನಾ ಮಾತಾಡತಿದ್ವಲ್ಲ. ಗೊತ್ತಿದ್ರ, ಆ ಅಂಕಿ ಕೊಡೂಮುಂದ ನಿನಗೊಂದು ಫೋನ್ ಹಚ್ಚತಿದ್ದೆ.”

ಚಂದ್ರಾಬಾಯಿ ಬರುವಾಗ ಕಂಪನಿಯವರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತ ಬಂದಿದ್ದಳು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದು ಅವರಷ್ಟೇ ಅಲ್ಲ, ತಾನೂ ಎಂದು ತಿರುಗಿ ಹೋಗುವ ಬಸ್ಸಿನಲ್ಲಿ ತಿಳಿಯಿತು.

ಕೆಲವು ವಾರಗಳ ನಂತರ ಕಂಪನಿ ನಿಜ ಒಪ್ಪಿಕೊಂಡಿತು. ಲಕ್ಷಾಂತರ ಜನರ ಮಾಹಿತಿ ಹೋಗಿದೆ, ವಿಷಾದಿಸುತ್ತೇವೆ, ನಿಮ್ಮ ನಂಬಿಕೆಯೇ ನಮ್ಮ ಆಸ್ತಿ ಎಂದು ಬರೆದಿತ್ತು. ಕೆಳಗೆ, ಆಟದಲ್ಲಿ ಬಳಸಲು ಒಂದಿಷ್ಟು ಬಂಗಾರದ ನಾಣ್ಯ ಕಾಣಿಕೆ. ಚಂದ್ರಾಬಾಯಿ ಅದನ್ನು ವಿಶಾಖಾಳಿಗೆ ತೋರಿಸಿದಳು.

“ಇದನ್ನ ಮೊದಲನೇ ದಿನಾನಽ ಹೇಳಿದ್ರ ಏನಾಗತಿತ್ತವಾ?”

“ಮಂದಿ ಬೈತಿದ್ರು ಚಿಗವ್ವ. ಆದ್ರ ಎಲ್ಲಾರೂ ಪಾಸ್‌ವರ್ಡ್ ಬದಲ ಮಾಡತಿದ್ರು, ಕಂಪನೀನೂ ನಂಬತಿದ್ರು. ಈಗ ಅವರು ಖರೇ ಹೇಳಿದ್ರೂ ಯಾರು ನಂಬ್ತಾರ?”

“ನನ್ನ ಹೆಸರು ಅಲ್ಲಿಂದ ತಗಸು. ಕಿರೀಟಾನೂ ಬ್ಯಾಡ.”

ಖಾತೆ ಅಳಿಸಬೇಕೆಂದೂ, ತನ್ನ ಮಾಹಿತಿ ಇಟ್ಟುಕೊಳ್ಳಬಾರದೆಂದೂ ಕಂಪನಿಗೆ ಬರೆದು ಕಳಿಸಿದರು. ಅದನ್ನೆಲ್ಲ ನೋಡುತ್ತ ಕೂತಿದ್ದ ಕರೆಪ್ಪ ತನ್ನ ಫೋನನ್ನೂ ಮುಂದಿಟ್ಟ.

“ಇದಕ್ಕೂ ಹಾಕವಾ ವಿಶಾಖಾ ಒಂದು ಛಲೋ ಬೀಗ. ಕದಿಯಾಕ ಏನೈತಿ ಅಂತಿದ್ದೆ. ಗಿರಣಿಗೆ ಬರೋ ಮಂದೀದೆಲ್ಲಾ ನಂಬರು ಇದರಾಗ ಅದಾವು. ನನ್ನ ಹೆಸರ್ಲೆ ಅವರಿಗೇನಾರ ಆದ್ರ ಯಾವ ಮಾರಿ ತೋರಸ್ಲಿ?”

ವಿಶಾಖಾ ಅವನಿಗೆ ತೋರಿಸಿಕೊಟ್ಟಳು: ಇಮೇಲಿಗೆ ಒಂದು, ಬ್ಯಾಂಕಿಗೆ ಇನ್ನೊಂದು, ಆಟಕ್ಕೆ ಮತ್ತೊಂದು ಪಾಸ್‌ವರ್ಡ್. ಅದರ ಮೇಲೆ ಎರಡನೇ ಬೀಗ, ಅಂದರೆ ಬೇರೆ ಫೋನಿನಿಂದ ತೆರೆಯಲು ಹೋದರೆ ಇವನ ಫೋನಿಗೇ ಅಂಕಿ ಬರುವ ವ್ಯವಸ್ಥೆ. “ಈ ಅಂಕಿ ಮಾತ್ರ ಯಾರಿಗೂ ಕೊಡಬ್ಯಾಡ್ರಿ ಕಾಕಾ. ನನ್ನ ಹೆಸರ್ಲೆ ಕೇಳಿದ್ರೂ.”

ಇಷ್ಟಾದರೂ ಚಂದ್ರಾಬಾಯಿಗೆ ಸಮಾಧಾನವಿಲ್ಲ. ಚಮನಸಾಬನ ದನಿ ಬೇರೆ ಯಾರ ಫೋನಿನಲ್ಲಾದರೂ ಉಳಿದಿದ್ದೀತೇ ಎಂದು ಗುರುತಿನವರನ್ನೆಲ್ಲ ಕೇಳಿದಳು. ಬಬಲೇಶ್ವರದ ಸಂತೆಯಲ್ಲಿ ಅವನ ಪಕ್ಕದಲ್ಲೇ ಅಂಗಡಿ ಹಾಕುತ್ತಿದ್ದ ಕಾಸಿಮಸಾಬನ ಹತ್ತಿರ ಒಂದು ಸಣ್ಣ ವಿಡಿಯೊ ಸಿಕ್ಕಿತು. ಚಮನಸಾಬ ಚಾದರ ಕೊಡವುತ್ತ ಗಿರಾಕಿಗಳನ್ನು ಕೂಗುತ್ತಿದ್ದ: “ಬರ್ರಿ ಅಕ್ಕಾರ, ನೋಡ್ರಿ, ಮುಟ್ಟಿ ನೋಡ್ರಿ.”

ಚಂದ್ರಾಬಾಯಿ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡು ನೆಟ್ಟಗೆ ಜೋರಾಪುರ ಪೇಟೆಗೆ ಹೋದಳು. ಗುಲಶನ ಫೋನನ್ನು ಕಿವಿಗೆ ಹಿಡಿದು ಕೇಳಿದಳು. ಮತ್ತೊಮ್ಮೆ ಕೇಳಿದಳು. ಕಣ್ಣು ತುಂಬಿತು.

“ಇಷ್ಟು ಅಡ್ಡ್ಯಾಡಿ ಹುಡಿಕ್ಯಾಡಿ ತಂದಿ ಚಂದ್ರಿ. ದೇವರು ನಿನಗ ಛಲೋ ಮಾಡ್ಲಿ” ಎಂದಳು. ಆಮೇಲೆ ಫೋನನ್ನು ಗೆಳತಿಯ ಕೈಗಿಡುತ್ತ, ಮೆಲ್ಲಗೆ, “ಆದ್ರ ಇದು ಸಂತೀ ದನಿ. ಅಂವಾ ಮನ್ಯಾಗ ಹಿಂಗ ಮಾತಾಡತಿದ್ದಿಲ್ಲ” ಎಂದಳು.

ಓದುವವರೇ, ಕೇಳುವವರೇ, ಗುಲಶನ ಕಳಕೊಂಡಿದ್ದನ್ನು ಯಾವ ಕಂಪನಿಯೂ ತಿರುಗಿ ಕೊಡಲಾರದು. ನಿಮಗೆ ಇನ್ನೂ ಹೊತ್ತು ಮೀರಿಲ್ಲ. ನೀವು ಮೊಬೈಲಿನಲ್ಲಿ ಬಳಸುವ ಆಟವಿರಲಿ, ಅಂಗಡಿಯಿರಲಿ, ಅಲ್ಲಿ ಕಳವಾಗಿದೆ ಎಂಬ ಸುದ್ದಿ ಬಂದ ದಿನವೇ ಪಾಸ್‌ವರ್ಡ್ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆ ಕಡೆ ಹಾಕಿದ್ದರೆ ಅಲ್ಲಿಯೂ ಬದಲಿಸಿ, ಎರಡನೇ ಬೀಗ ಹಾಕಿ. ಫೋನಿಗೆ ಬಂದ ಅಂಕಿಯನ್ನು ಎಷ್ಟು ಹತ್ತಿರದವರ ಹೆಸರಿನಲ್ಲಿ ಕೇಳಿದರೂ ಕೊಡಬೇಡಿ. ಮೊದಲು ಫೋನ್ ಹಚ್ಚಿ ಅವರ ಬಾಯಿಂದಲೇ ಕೇಳಿ. ಕಳೆದುಹೋಗಬಾರದ ಫೋಟೋ, ದನಿ ಏನಿದ್ದರೂ ಎರಡು ಕಡೆ ಇಡಿ. ಮೋಸವಾದರೆ ನಾಚಿಕೆಪಟ್ಟು ಮುಚ್ಚಿಡದೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ, ಇಲ್ಲವೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮ ಮಾಹಿತಿ ಇಟ್ಟುಕೊಂಡ ಕಂಪನಿಗೆ ಏನು ಹೋಯಿತು, ಯಾವಾಗ ಹೋಯಿತು ಎಂದು ಪ್ರಶ್ನೆ ಕೇಳಿ. ಕೇಳುವ ಹಕ್ಕು ನಿಮಗಿದೆ.

ಮತ್ತೆ, ಇದನ್ನು ತಿಳಿದುಕೊಂಡು ಸುಮ್ಮನೆ ಕೂರಬೇಡಿ. ಇವತ್ತೇ ಒಬ್ಬ ಗೆಳತಿಗೆ ಹೇಳಿ.