ಒಡೆದ ಬಟ್ಟಲು ಕಸವಲ್ಲ

ಹಿಕರಿ ಬೆಂಡ್ ಎಂಬ ನಮ್ಮ ಕಪ್ಪು ಜನರ ಊರನ್ನು ಅಣೆಕಟ್ಟಿಗಾಗಿ ಎಬ್ಬಿಸಿ ಅರವತ್ತು ವರ್ಷವಾಯಿತು. ಮನೆ, ಚರ್ಚು, ಶಾಲೆ ಎಲ್ಲ ನೀರುಪಾಲು. ಗುಡ್ಡದ ಮೇಲಿನ ಸ್ಮಶಾನ ಮಾತ್ರ ಉಳಿದಿದೆ. ಜನ ಡೆಟ್ರಾಯಿಟ್, ಶಿಕಾಗೋ ಅಂತ ಚದುರಿಹೋದರು. ಹತ್ತಿರದಲ್ಲಿ ಉಳಿದವರು ಎಂಬತ್ತೊಂದು ವರ್ಷದ ಮಿಸ್ ಓಝೆಲ್ಲಾ ಒಬ್ಬರೇ. ಮಾತಾಡಬೇಕೆನಿಸಿದಾಗ ಅವರು ಸ್ಮಶಾನಕ್ಕೆ ಹೋಗುತ್ತಾರೆ.

ಈಗ ಅಲ್ಲಿ ರಸ್ತೆ ಬರುವುದಿತ್ತು. ರಸ್ತೆ ಇಲಾಖೆಯವರು, ಸರ್ವೆ ಮಾಡಿ ಸಮಾಧಿಯ ಗುರುತು ಕಂಡಷ್ಟು ಜಾಗ ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಕಲ್ಲು ಹಾಕಿಸುವ ಶಕ್ತಿ ನಮ್ಮ ಹಿರಿಯರಿಗೆಲ್ಲಿತ್ತು? ಅದರ ಬದಲು, ಸತ್ತವರು ಕೊನೆಗೆ ಕುಡಿದ ಬಟ್ಟಲನ್ನೇ ಒಡೆದು ಸಮಾಧಿಯ ಮೇಲಿಡುತ್ತಿದ್ದರು.

ಸರ್ವೆಗೆ ಎರಡು ದಿನ ಮೊದಲು ಮಿಸ್ ಓಝೆಲ್ಲಾ ಪೊರಕೆ ಹಿಡಿದು ಹೋದರು. ಸಮಾಧಿ ಉಳಿಸುವ ಸಂಘದ ಹುಡುಗಿ ವರ್ಡೆಲ್ ಬರುವಷ್ಟರಲ್ಲಿ ಕೆಳಗಿನ ಸಾಲುಗಳೆಲ್ಲ ಚೊಕ್ಕಟವಾಗಿದ್ದವು.

“ಚೀಲದಲ್ಲೇನು, ಮಿಸ್ ಓಝೆಲ್ಲಾ?”

“ಬಟ್ಟಲುಗಳು. ಸರ್ವೆಯವ್ರು ತಿಪ್ಪೆ ಅಂತ ನಗಬಾರ್ದು ನೋಡು. ಅವ್ರು ಹೋದ್ಮೇಲೆ ಮತ್ತೆ ಇಟ್ರಾಯ್ತು.”

“ಅಯ್ಯೋ, ಅದೇ ಅಲ್ವಾ ನಮ್ಮ ಕಲ್ಲು? ಅದು ಕಾಣದಿದ್ರೆ ಇಲ್ಲಿ ಯಾರೂ ಇಲ್ಲ ಅಂತ ಬರ್ಕೊಂಡು ಹೋಗ್ತಾರೆ.”

“ಇದ್ದಾರೆ ಅಂತ ಬರೆದ್ರೂ ನೋಡೋಕೆ ಯಾರು ಬರ್ತಾರೆ ಮಗಳೇ? ನಾನು ಹೋದ್ರೆ ನನ್ನ ಬಟ್ಟಲು ಒಡೆಯೋಕೂ ಜನ ಇಲ್ಲ.”

ವರ್ಡೆಲ್ ಪಕ್ಕದಲ್ಲಿ ಕೂತಳು. “ಅದಕ್ಕೆ ನಾನಿದೀನಿ. ಈಗ ಹೇಳಿ, ಯಾವುದು ಯಾರದು? ನೀವು ಇಡ್ತಾ ಹೋಗಿ, ನಾನು ಬರ್ಕೋತೀನಿ.”

ನೀಲಿ ಹೂವಿನದು ಅಮ್ಮನದು. ಹಿಡಿ ಮುರಿದದ್ದು ಚರ್ಚಿನ ಹಿರಿಯ ಹೋಸಿಯಾ ಅವರದು. ಹೀಗೆ ಮೂವತ್ತೊಂದು ಹೆಸರು ಬಂದವು. ಕೊನೆಗೆ ಒಂದು ಪುಟ್ಟ ಲೋಟ ಉಳಿಯಿತು. ನಾಲ್ಕು ವರ್ಷಕ್ಕೇ ತೀರಿಕೊಂಡ ಅವರ ತಮ್ಮ ಲೂಶಿಯಸ್‌ನದು. ಮಿಸ್ ಓಝೆಲ್ಲಾ ಸಾಲಿನುದ್ದಕ್ಕೂ ಎರಡು ಸಲ ನಡೆದರು. ಗುಡಿಸಿದ ನೆಲ ಎಲ್ಲ ಕಡೆ ಒಂದೇ ಥರ ಇತ್ತು.

“ಇಲ್ಲೇ ಎಲ್ಲೋ ಇದ್ದ,” ಎಂದರು. “ನಾನೇ ಕಳ್ಕೊಂಡೆ.”

ಸೋಮವಾರ ಸರ್ವೆಯವರ ಕೈಗೆ ಪಟ್ಟಿ ಕೊಟ್ಟದ್ದು ಮಿಸ್ ಓಝೆಲ್ಲಾ ಅವರೇ. ಮೂವತ್ತೊಂದು ಸಮಾಧಿಗಳು ನಕ್ಷೆಗೆ ಬಂದವು, ರಸ್ತೆ ಆಚೆ ಸರಿಯಿತು. ಲೂಶಿಯಸ್‌ನ ಜಾಗ ಮಾತ್ರ ಇನ್ನೂ ಸಿಕ್ಕಿಲ್ಲ.

ಬಂಧುಗಳೇ, ಹಳೆಯ ಸಮಾಧಿಯ ಮೇಲಿನ ಬಟ್ಟಲು, ಚಿಪ್ಪು, ಗಿಡ ಯಾವುದನ್ನೂ ತೆಗೆಯಬೇಡಿ. ಗುಡಿಸುವ ಮೊದಲು ಫೋಟೋ ತೆಗೆಯಿರಿ. ಯಾರು ಎಲ್ಲಿ ಮಲಗಿದ್ದಾರೆಂದು ಹಿರಿಯರನ್ನು ಕೇಳಿ ಬರೆದಿಡಿ. ನೀವು ಹಿಕರಿ ಬೆಂಡ್‌ನವರಾದರೆ ಈ ಭಾನುವಾರವೇ ಬನ್ನಿ. ತಮ್ಮನನ್ನು ಹುಡುಕಲು ಮಿಸ್ ಓಝೆಲ್ಲಾ ಒಬ್ಬರೇ ಬರುತ್ತಿದ್ದಾರೆ.