ಕುಂತು ಮಾಡೋ ಕೆಲಸ

ನಮ್ಮಮ್ಮ ಸುಂಕಮ್ಮ ಆಂಧ್ರದ ಆದವಾನಿಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಹದಿನಾರು ವರ್ಷದಿಂದ ಹತ್ತಿ ಆರಿಸುತ್ತಾಳೆ. ಮಷೀನಿಗೆ ಹಾಕುವ ಮೊದಲು ಹತ್ತಿಯೊಳಗಿನ ಒಣ ಎಲೆ, ಕೂದಲು, ಪ್ಲಾಸ್ಟಿಕ್ ಚೂರು ತೆಗೆಯುವ ಕೆಲಸ. ಹೆಂಗಸರು ಬೆಳಿಗ್ಗೆ ರಾಶಿಯ ಸುತ್ತ ಕಾಲು ಚಾಚಿ ಕುಂತರೆ ಏಳುವುದು ಊಟಕ್ಕೇ. ಧೂಳಿಗೆ ಸೆರಗೊಂದೇ ಅಡ್ಡ. ಎರಡು ವರ್ಷದಿಂದ ಅಮ್ಮನ ಕೆಮ್ಮು ನಿಂತಿಲ್ಲ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿಗೂ ನೆದರ್ಲೆಂಡ್ಸಿನ ಒಂದು ಕಾಲೇಜಿಗೂ ಒಪ್ಪಂದವಾಯಿತು. ಅಲ್ಲಿಯ ಒಬ್ಬ ವಿದ್ಯಾರ್ಥಿ, ಇಲ್ಲಿಯ ಒಬ್ಬರು ಸೇರಿ ಇಲ್ಲಿಯ ಜನಕ್ಕೆ ಬೇಕಾದ ಒಂದು ಸಾಮಾನು ಮಾಡಬೇಕು, ಖರ್ಚು ಅವರದು. ನಾನು ‘ಹತ್ತಿಯ ಧೂಳು’ ಅಂತ ಬರೆದುಕೊಟ್ಟೆ. ಅದು ಆಯ್ಕೆಯಾದ ದಿನ ಡೈರಿಯಲ್ಲಿ ಒಂದೇ ಸಾಲು ಬರೆದೆ: ಅಮ್ಮ ಕೆಮ್ಮದೆ ಮಲಗಬೇಕು.

ವಿದೇಶದವರ ಜೊತೆ ಹೇಗಿರಬೇಕು ಅಂತ ನಮ್ಮ ಕಾಲೇಜಿನ ಗೋವರ್ಧನ ಸಾರ್ ಆಯ್ಕೆಯಾದ ನಮಗೆ ಒಂದು ತಿಂಗಳು ತರಬೇತಿ ಕೊಟ್ಟರು. ವಯಸ್ಸು ಕೇಳಬಾರದು, ಮದುವೆ ವಿಷಯ ಎತ್ತಬಾರದು, ಕ್ಯಾಮೆರಾ ನೋಡಿ ನಗಬೇಕು.

“ಮುಖ್ಯ ಏನಂದ್ರ, ಅವರಿಗೆ ಇಲ್ಲ ಅನ್ನಬಾರ್ದು. ಏನ್ ಹೇಳಿದ್ರೂ ಮೊದಲು ಗ್ರೇಟ್ ಅನ್ರಿ.”

ನನಗೆ ಈ ಪಾಠ ಕಷ್ಟವಾಗಲಿಲ್ಲ. ಹುಟ್ಟಿದಾಗಿನಿಂದ ನಾನು ಯಾರಿಗೂ ಇಲ್ಲ ಅಂದವಳಲ್ಲ.

ಅಲ್ಲಿಯ ನನ್ನ ಜೊತೆಗಾರ್ತಿಯ ಹೆಸರು ಆನೆಕೆ. ಮೂರನೇ ವಿಡಿಯೋ ಮೀಟಿಂಗಿನಲ್ಲಿ ಅವಳು ನಕ್ಷೆ ತೋರಿಸಿದಳು. ಹಲಗೆಯ ಬದಲು ತಂತಿಬಲೆ ಹಾಕಿದ ಮೇಜು, ಕೆಳಗೆ ಧೂಳು ಎಳೆಯುವ ಫ್ಯಾನು. ನನಗೆ ಹೊಳೆದಿರಲಿಲ್ಲ, ಅಷ್ಟು ಸರಳವಾಗಿತ್ತು. ಆದರೆ ಎತ್ತರ ತೊಂಬತ್ತೈದು ಸೆಂಟಿಮೀಟರ್.

“ನಿಂತು ಕೆಲಸ ಮಾಡೋರಿಗೆ ಈ ಎತ್ತರ ಸರಿ ಅಲ್ಲವಾ ಉಮಾ? ತಪ್ಪಿದ್ದರೆ ಹೇಳು,” ಅಂದಳು.

ಅವರು ನಿಲ್ಲುವುದಿಲ್ಲ, ಕುಂತಿರುತ್ತಾರೆ. ಅಷ್ಟು ಹೇಳಿದ್ದರೆ ಸಾಕಿತ್ತು. ಪಕ್ಕದಲ್ಲೇ ಗೋವರ್ಧನ ಸಾರ್ ಕುರ್ಚಿ ಹಾಕಿಕೊಂಡಿದ್ದರು.

“ಗ್ರೇಟ್,” ಅಂದೆ.

ಸಾರ್ ಕ್ಯಾಮೆರಾಕ್ಕೆ ಕಾಣದ ಹಾಗೆ ಹೆಬ್ಬೆರಳು ಎತ್ತಿ ತೋರಿಸಿದರು. ಹೇಳದೆ ಉಳಿದದ್ದನ್ನೆಲ್ಲ ಡೈರಿಯಲ್ಲಿ ಬರೆದೆ. ಅರ್ಧ ಪುಟವಾಯಿತು. ಕುಂತವರ ಅಳತೆಯ ಮೇಜಿನ ಚಿತ್ರವನ್ನೂ ಬಿಡಿಸಿದ್ದೆ.

ಮೇಜು ತಯಾರಾಗಿ ಜಿನ್ನಿಗೆ ಬಂದ ದಿನ ಅಮ್ಮನ ಗೆಳತಿ ದಸ್ತಗಿರಮ್ಮ ಎಲ್ಲರಿಗೂ ಕೇಳುವಂತೆ ಕೂಗಿದಳು. “ಏ ಸುಂಕಮ್ಮ, ನಿನ್ನ ಮಗಳು ನಿನಗ ದೋಸಿ ಬಂಡಿ ಇಟ್ಟುಕೊಟ್ಟಾಳ ನೋಡು! ನನಗೆರಡು ಖಾರದ್ದು ಹಾಕಬೇ!”

ಹೆಂಗಸರು ನಕ್ಕರು, ಅಮ್ಮನೂ ನಕ್ಕಳು. ಒಂದು ತಾಸು ನಿಂತು ಆರಿಸಿದಳು. ಧೂಳು ನಿಜವಾಗಿಯೂ ಕೆಳಗೆ ಹೋಗುತ್ತಿತ್ತು. ಆ ಒಂದು ತಾಸು ಅಮ್ಮ ಕೆಮ್ಮಲಿಲ್ಲ. ಆಮೇಲೆ ಸಾರ್ ಫೋನು ಹಿಡಿದು ವಿಡಿಯೋ ಮಾಡುತ್ತಾ ತೆಲುಗಿನಲ್ಲಿ ಹೆಂಗಿದೆ ಅಂತ ಕೇಳಿದರು.

“ಬಾಗುಂದಿ ಸಾರೂ, ಚಾಲಾ ಬಾಗುಂದಿ,” ತುಂಬಾ ಚೆನ್ನಾಗಿದೆ ಅಂದಳು ಅಮ್ಮ. ಆಮೇಲೆ ಸೊಂಟ ಹಿಡಿದುಕೊಂಡು, ನನ್ನ ಕಡೆ ತಿರುಗಿ ಮೆಲ್ಲಗೆ, “ಕುಂತು ಮಾಡೋ ಕೆಲಸಕ್ಕ ನಿಂತ್ಕಳ್ಳೋ ಮೇಜು ಯಾಕ ಮಾಡಿದ್ರಮ್ಮಿ?” ಅಂದಳು.

“ಏನಂತಾರ? ಇಂಗ್ಲಿಷಿನ್ಯಾಗ ಹೇಳಮ್ಮ,” ಅಂದರು ಸಾರ್, ಫೋನನ್ನು ನನ್ನತ್ತ ತಿರುಗಿಸಿ.

ತುಂಬಾ ಸಂತೋಷವಾಗಿದೆ ಅಂತಾರೆ, ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನಕ್ಕೆ ಕೂಡ.

ಮೇಜು ನಾಲ್ಕು ದಿನ ನಡೆಯಿತು. ಎಂಟು ತಾಸು ಸಿಮೆಂಟ್ ನೆಲದ ಮೇಲೆ ಯಾರು ನಿಲ್ಲುತ್ತಾರೆ? ಐದನೇ ದಿನ ರಾಶಿ ಮತ್ತೆ ನೆಲಕ್ಕೆ ಬಂತು. ಈಗ ಬಲೆಯ ಮೇಲೆ ಹೆಂಗಸರ ಟಿಫಿನ್ ಡಬ್ಬಿಗಳು ಸಾಲಾಗಿ ಕುಂತಿರುತ್ತವೆ.

“ಇಲಿ ಕಾಟ ತಪ್ಪಿತು ನೋಡು,” ಅಂತ ಅಮ್ಮ ನನಗೆ ಬೇಜಾರಾಗದ ಹಾಗೆ ಹೇಳಿದಳು.

ಪರೀಕ್ಷೆ ಮುಗಿದು, ಡಿಗ್ರಿ ಕೈಗೆ ಬಂದ ಮೇಲೆ ಧೈರ್ಯ ಮಾಡಿ ಆನೆಕೆಗೆ ಎಲ್ಲವನ್ನೂ ಬರೆದೆ. ಮೇಜಿನ ಕಾಲು ಕತ್ತರಿಸಿ ಗಿಡ್ಡ ಮಾಡೋಣವೆಂದರೆ ಫ್ಯಾನಿಗೆ ಜಾಗವಿಲ್ಲ, ಬೇರೆಯದೇ ಮಾಡಬೇಕು ಎಂದೂ ಬರೆದೆ. ಡೈರಿಯ ಚಿತ್ರದ ಫೋಟೋ ಕಳಿಸಿದೆ.

ಉತ್ತರ ಎರಡು ದಿನಕ್ಕೆ ಬಂತು. ನಿನ್ನ ಚಿತ್ರ ನನ್ನದಕ್ಕಿಂತ ಚೆನ್ನಾಗಿದೆ, ಆದರೆ ಪ್ರಾಜೆಕ್ಟು ಮುಗಿಯಿತು, ದುಡ್ಡು ಬೇರೆ ಊರಿನ ಕೆಲಸಕ್ಕೆ ಹೋಯಿತು ಅಂತ ಬರೆದಿದ್ದಳು. ಕೊನೆಗೆ, ‘ನಾನು ಕೇಳಿದ್ದೆನಲ್ಲ ಉಮಾ. ಯಾಕೆ ಹೇಳಲಿಲ್ಲ?’

ಅದಕ್ಕೆ ಏನು ಬರೆಯಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ನಿನ್ನೆ ಗೋವರ್ಧನ ಸಾರ್ ಫೋನು ಮಾಡಿದ್ದರು. “ಹೊಸ ಬ್ಯಾಚಿಗೆ ನಿನ್ನ ವಿಡಿಯೋ ತೋರಿಸ್ತೀವಮ್ಮ. ವಿದೇಶದವರ ಜೊತಿ ಹೆಂಗ ಮಾತಾಡಬೇಕಂತ ನೀನೇ ಬಂದು ನಾಲ್ಕು ಮಾತು ಹೇಳಬೇಕು. ಸೋಮವಾರ ಬರ್ತೀಯಲ್ಲ?”

ಒಳಗೆ ಅಮ್ಮ ಕೆಮ್ಮುತ್ತಿದ್ದಳು. ನಿಲ್ಲಲಿ ಅಂತ ಸ್ವಲ್ಪ ಹೊತ್ತು ಕಾದೆ. ನಿಲ್ಲಲಿಲ್ಲ.

“ಆಗಲಿ ಸಾರ್,” ಅಂದೆ.